ಕಡಲಿಗೆ ಹೋದ ನೀರು

(ಅಳ್ನಾವರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕರಾವಳಿಯ ವಿಷಯ ಮಾತನಾಡಲು ಅಳ್ನಾವರಕ್ಕೆ ಏಕೆ ಬರಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಧಾರವಾಡ ಜಿಲ್ಲೆಗೆ ಒಂದು ಮಾರು ಕಡಲತೀರವೂ ಇಲ್ಲ. ಆದರೆ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿ ಕಡೆಯಿಂದ ಬರುವ ಹಳ್ಳದೊಡನೆ ಕಲಘಟಗಿಯ ಸೀಮೆಯಲ್ಲಿ ಕೂಡಿ ಬೇಡ್ತಿಯಾಗಿ, ಘಟ್ಟವಿಳಿದು ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಮಂಜಗುಣಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇಲ್ಲಿಂದ ರೈಲುಮಾರ್ಗ ಕವಲೊಡೆದು ಹೋಗುವ ದಾಂಡೇಲಿಯಲ್ಲಿ ಹರಿಯುವ ಕಾಳಿ ಕಾರವಾರದಲ್ಲಿ ಕಡಲು ಕಾಣುತ್ತದೆ. ಕರಾವಳಿ ನಮ್ಮ ಹಿತ್ತಲಲ್ಲೇ ಶುರುವಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

2019ರ ಆಗಸ್ಟಿನ ಮಳೆ ನಿಮಗೆ ನೆನಪಿರುತ್ತದೆ. ಹುಲಿಕೇರಿಯ ಇಂದಿರಮ್ಮನ ಕೆರೆ ಎಲ್ಲರ ಎದೆ ನಡುಗಿಸಿದ ಆ ದಿನಗಳಲ್ಲೇ ಗಂಗಾವಳಿ ಅಂಕೋಲೆಯ ಹಳ್ಳಿಗಳಿಗೆ ನುಗ್ಗಿತು. ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾರವಾರದ ಕಾಳಿದಂಡೆಯ ಊರುಗಳನ್ನು ಮುಳುಗಿಸಿತು. ಮಳೆ ಒಂದೇ. ಅದನ್ನು ಬರೆದುಕೊಂಡ ಕಡತಗಳು ಮಾತ್ರ ಬೇರೆ ಬೇರೆ: ಕೆರೆಯದು ಒಂದು ಇಲಾಖೆ, ಅಣೆಕಟ್ಟಿನದು ಮತ್ತೊಂದು, ಕಡಲತೀರದ್ದು ಮಗದೊಂದು.

ನಮ್ಮ ಕಡೆ ಒಂದು ಮಾತು ರೂಢಿಯಲ್ಲಿದೆ: ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ನದಿ ಕಡಲಿಗೆ ಬರಿಯ ನೀರನ್ನು ಒಯ್ಯುವುದಿಲ್ಲ. ಮರಳನ್ನೂ ಮೆಕ್ಕಲನ್ನೂ ಒಯ್ಯುತ್ತದೆ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಒಳಗೆಳೆದುಕೊಳ್ಳುತ್ತವೆ, ದೀಪಾವಳಿ ದಾಟಿ ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದನ್ನು ಮತ್ತೆ ತಂದು ಹರಡುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿ ಕಳೆದುದನ್ನು ತುಂಬಿಕೊಡುವುದು ನದಿ. ಅಣೆಕಟ್ಟು ನೀರನ್ನು ಕೆಳಕ್ಕೆ ಬಿಟ್ಟೀತು, ಮರಳನ್ನು ಬಿಡುವುದಿಲ್ಲ. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳಿವೆ. ಉಳಿದ ನದಿಗಳ ಅಳಿವೆಗಳಲ್ಲಿ ಮರಳನ್ನು ಲಾರಿಗೆ ತುಂಬುವವರಿದ್ದಾರೆ. ಹೀಗೆ ಕೈ ಬರಿದಾದ ದಂಡೆಯ ಮೇಲೆ ಈಗ ಕಡಲು ಏರಿ ಬರುತ್ತಿದೆ.

ಎಷ್ಟು ಏರಿದೆ? ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಮಂಡಳಿಯ ಲೆಕ್ಕದಲ್ಲಿ 1901ರಿಂದ 2018ರ ವರೆಗೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್, ಎಂದರೆ ಒಂದು ಗೇಣು, ಏರಿದೆ. 2006ರಿಂದೀಚೆಗೆ ಏರಿಕೆ ವರ್ಷಕ್ಕೆ 3.7 ಮಿಲಿಮೀಟರಿಗೆ ಮುಟ್ಟಿತು. ಹಿಮ ಕರಗುವುದು ಒಂದು ಕಾರಣ. ಕಾದ ನೀರು ಹಿಗ್ಗುವುದು ಇನ್ನೊಂದು. ಗೇಣೇ ತಾನೆ ಎನ್ನಬೇಡಿ. ಚಂಡಮಾರುತ ಬಂದಾಗ ಅಲೆ ಆ ಗೇಣಿನ ಮೇಲೆ ನಿಂತು ಏಳುತ್ತದೆ. ಬಂಗಾಳಕೊಲ್ಲಿಗೆ ಹೋಲಿಸಿದರೆ ಸಾಧುವೆನಿಸಿದ್ದ ನಮ್ಮ ಅರಬ್ಬಿ ಸಮುದ್ರದಲ್ಲಿ 2001–2019ರ ಅವಧಿಯ ಚಂಡಮಾರುತಗಳು ಅದರ ಹಿಂದಿನ ಎರಡು ದಶಕಗಳಿಗಿಂತ ಶೇ. 52ರಷ್ಟು ಹೆಚ್ಚಿವೆ ಎಂದು ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಉದ್ದಕ್ಕೂ ಸಾಗಿಹೋಯಿತು.

ಇದಕ್ಕೆ ನಾವು ಕಂಡುಕೊಂಡ ಮದ್ದು ಕಲ್ಲು. ಸುಮಾರು 320 ಕಿಲೋಮೀಟರ್ ಉದ್ದದ ತೀರದಲ್ಲಿ ಎಲ್ಲಿ ಕೊರೆತವೆಂದು ಕೂಗು ಬಂದರೂ ಅಲ್ಲಿ ಬಂಡೆ ಸುರಿಯುವುದು. ಮನೆ ಕಡಲುಪಾಲಾಗುತ್ತಿರುವವನಿಗೆ ಬೇರೆ ಉಪಾಯ ಹೇಳಿದರೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನು ಇರುವುದಿಲ್ಲ, ನಿಜ. ಆದರೆ ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ತೋಡುತ್ತದೆ. ಗೋಡೆ ಮುಗಿದಲ್ಲಿ, ಪಕ್ಕದವನ ಹಿತ್ತಲಲ್ಲಿ, ಕೊರೆತ ಜೋರಾಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಮಂಜೂರು ಮಾಡಿದ ಸಾಲದಿಂದ ಕಡಲೊಳಗೇ ದಿಬ್ಬಗಳನ್ನು ಕಟ್ಟಿದರು. ಬಂಡೆ ಸುರಿಯುವುದಕ್ಕಿಂತ ಬುದ್ಧಿವಂತಿಕೆಯ ಕೆಲಸವದು. ಆದರೂ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲಗಳಲ್ಲಿ ಮಳೆಗಾಲದ ಕೊರೆತ ನಿಲ್ಲಲಿಲ್ಲ. (ಇದು ಬೇರೆ ಸೋಮೇಶ್ವರ, ಶಾಲ್ಮಲೆಯದಲ್ಲ.)

ಇನ್ನು ಕಾಯ್ದೆಯ ಮಾತು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಭರತದ ನೀರು ಮುಟ್ಟುವ ಗೆರೆಯಿಂದ 500 ಮೀಟರ್ ಅಳೆದು ನಿರ್ಬಂಧ ಹಾಕಿತು. 2011ರ ಅಧಿಸೂಚನೆ ಒಂದು ಹೆಜ್ಜೆ ಮುಂದೆ ಹೋಗಿ, ಕಡಲು ಏರಿದರೆ ನೀರು ಎಲ್ಲಿಯವರೆಗೆ ಬಂದೀತು ಎಂಬುದನ್ನೂ ಎಣಿಸಿ ‘ಅಪಾಯರೇಖೆ’ ಎಳೆಯಬೇಕೆಂದಿತು. 2019ರ ಅಧಿಸೂಚನೆ ಆ ರೇಖೆಯನ್ನು ವಿಪತ್ತು ನಿರ್ವಹಣೆಯ ಯೋಜನೆಗಳಿಗೆ ಮೀಸಲಿಟ್ಟು ಕಟ್ಟಡಗಳ ನಿಯಂತ್ರಣದಿಂದ ಹೊರಗಿಟ್ಟಿತು. ಜನಸಾಂದ್ರ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷಿದ್ಧ ಪ್ರದೇಶವನ್ನು 200 ಮೀಟರಿನಿಂದ 50ಕ್ಕೆ ಇಳಿಸಲು ಅವಕಾಶ ಕೊಟ್ಟಿತು. ಮೀನುಗಾರರ ಮನೆಗಳಿಗೆ ಅನುಕೂಲವಾಗಲೆಂಬ ಮಾತಿನಲ್ಲಿ ಹುರುಳಿದೆ. ಆದರೆ ಅಪಾಯವೆಂದು ಗುರುತಿಸಿದ ನೆಲದಲ್ಲಿ ಕಟ್ಟಲು ಪರವಾನಗಿ ಕೊಟ್ಟು, ನೀರು ಬಂದ ದಿನ ಪರಿಹಾರ ಕೊಡುವುದು ನನಗೆ ಆಡಳಿತವೆನಿಸುವುದಿಲ್ಲ.

ನಮ್ಮ ಹಿಂದಿನವರು ಇದನ್ನು ಬೇರೆ ರೀತಿಯಲ್ಲಿ ನಿಭಾಯಿಸಿದ್ದರು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಮಣ್ಣಿನ ಒಡ್ಡು, ಅದರಲ್ಲಿ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗವೆಂಬ ಭತ್ತ ಬಿತ್ತುತ್ತಾರೆ. ಆಳೆತ್ತರ ಬೆಳೆಯುವ ಈ ತಳಿ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಕೊಯಿಲಾದ ಮೇಲೆ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ ಮೀನು, ಸಿಗಡಿಯ ಫಸಲು. ಒಡ್ಡು ಕಾಯುವುದು ಇಡೀ ಊರಿನ ಕೆಲಸ. ಏರುವ ಕಡಲಿನ ಎದುರು ಉಳಿಯಬಲ್ಲ ಕೃಷಿ ನಮ್ಮಲ್ಲಿ ಇದೊಂದೇ ಇದ್ದಂತೆ ತೋರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದ್ದರಿಂದ ಸಿಹಿನೀರು ಇನ್ನೂ ಬರುತ್ತಿದೆ, ಗಜನಿಯೂ ಇದೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ಈಗ ಕಠಿಣ ಮಾತು. ಮಹದಾಯಿಗಾಗಿ ನವಲಗುಂದ ಸೀಮೆಯ ರೈತರು ವರ್ಷಗಟ್ಟಲೆ ಧರಣಿ ಕೂತಿದ್ದನ್ನು ಕಂಡ ಜಿಲ್ಲೆಯಿದು. ಕುಡಿಯುವ ನೀರು ಕೇಳುವುದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ, ಅದು ತಪ್ಪೂ ಅಲ್ಲ. 2018ರಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಆ ಹಂಚಿಕೆಗೆ ಅಳತೆಯಾದರೂ ಇದೆ. ಬೇಡ್ತಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದೆಗೆ ಸೇರಿಸುವ ಯೋಜನೆಯ ಪರವಾಗಿ ಮಾತನಾಡುವಾಗ ಮಾತ್ರ ‘ವ್ಯರ್ಥ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಎತ್ತುವ ನೀರು ಎಷ್ಟು, ಅದರಿಂದ ನೆನೆಯುವ ಹೊಲ ಎಷ್ಟು ಎಂದು ಲೆಕ್ಕ ಹಾಕುವವರು, ಮಂಜಗುಣಿಯ ಅಳಿವೆಗೆ ಮರಳು ಎಷ್ಟು ಕಡಿಮೆಯಾದೀತು, ಉಪ್ಪುನೀರು ಹೊಳೆಯಲ್ಲಿ ಎಷ್ಟು ಮೈಲಿ ಮೇಲೆ ಬಂದೀತು, ಯಾರ ಬಾವಿಯ ನೀರು ಕೆಟ್ಟೀತು ಎಂಬುದನ್ನೂ ಅದೇ ಕಡತದಲ್ಲಿ ಬರೆಯಲಿ. ಅದನ್ನು ಓದಿದ ಮೇಲೆ ಧಾರವಾಡದವರೂ ಅಂಕೋಲೆಯವರೂ ಒಂದೇ ಸಭೆಯಲ್ಲಿ ಕುಳಿತು ಜಗಳವಾಡಲಿ.