ಹುಲ್ಲು ಮುಚ್ಚಿದ ಊರು

ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಗೆ ಹೈಲ್ಯಾಂಡ್ಸ್ ಎಂದು ಹೆಸರು. ಅಲ್ಲಿಯ ಕಣಿವೆಯೊಂದರಲ್ಲಿ ನೀರಿನ ಕೊಳವೆ ಹೂಳಬೇಕು, ಇಲ್ಲವೇ ವಿದ್ಯುತ್ ಕಂಬ ನೆಡಬೇಕು ಎಂದಿಟ್ಟುಕೊಳ್ಳಿ. ಮಣ್ಣು ಅಗೆಯುವ ಯಂತ್ರಗಳು ಬರುವ ಮೊದಲೇ ಪುರಾತತ್ವಜ್ಞರು ಬೂಟು ಹಾಕಿಕೊಂಡು ಬಂದಿರುತ್ತಾರೆ. ಕೈಯಲ್ಲಿ ಗುದ್ದಲಿ ಇಲ್ಲ. ನಕ್ಷೆ, ಕ್ಯಾಮೆರಾ, ಜಿಪಿಎಸ್, ಒಂದು ನೋಟ್‌ಬುಕ್ಕು ಅಷ್ಟೇ. ಕೊಳವೆ ಹೋಗುವ ದಾರಿಯುದ್ದಕ್ಕೂ ಅವರು ನಡೆಯುತ್ತಾರೆ, ನೆಲ ನೋಡುತ್ತಾರೆ.

ಬರೀ ಹುಲ್ಲು, ಕಲ್ಲು, ಕುರಿ ಇರುವಲ್ಲಿ ನೋಡುವುದೇನು? ಮಕ್ಕಳೇ, ಈ ಬೆಟ್ಟಗಳು ಮೊದಲಿನಿಂದಲೂ ಹೀಗೆ ಖಾಲಿಯಾಗಿರಲಿಲ್ಲ. ಸುಮಾರು 200 ವರ್ಷಗಳ ಹಿಂದೆ ಜಮೀನುದಾರರು ಕುರಿ ಸಾಕಣೆಯ ಲಾಭಕ್ಕಾಗಿ ಸಾವಿರಾರು ರೈತರನ್ನು ಇಲ್ಲಿಂದ ಎಬ್ಬಿಸಿದರು. ಸ್ಟ್ರಾತ್‌ನೇವರ್ ಕಣಿವೆಯ ರೋಸಲ್ ಎಂಬ ಹಳ್ಳಿ 1814ರಿಂದ 1818ರೊಳಗೆ ಬರಿದಾಯಿತು. ಕೆಲವರು ಕಡಲ ದಂಡೆಗೆ ಹೋದರು, ಎಷ್ಟೋ ಮಂದಿ ಕೆನಡಾದವರೆಗೂ ಹೋಗಬೇಕಾಯಿತು. ಅವರ ಮನೆಗಳ ಚಾವಣಿ ಹೋಯಿತು, ಗೋಡೆ ಕುಸಿಯಿತು, ಮೇಲೆ ಹುಲ್ಲು ಬೆಳೆಯಿತು. ಈಗ ಉಳಿದಿರುವುದು ಮೊಣಕಾಲೆತ್ತರದ, ಕೆಲವೆಡೆ ಗೇಣೆತ್ತರದ ಉಬ್ಬು ಮಾತ್ರ.

ಇಂಥ ಉಬ್ಬನ್ನು ಹಿಡಿಯಲು ಬೇಕಾದದ್ದು ಓರೆ ಬಿಸಿಲು. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ 20 ಸೆಂಟಿಮೀಟರ್ ಎತ್ತರದ ಉಬ್ಬಿನ ನೆರಳೂ 20 ಸೆಂಟಿಮೀಟರೇ. ಸೂರ್ಯ 10 ಡಿಗ್ರಿಗೆ ಇಳಿದರೆ ಅದೇ ನೆರಳು ಒಂದು ಮೀಟರಿಗಿಂತ ಉದ್ದವಾಗುತ್ತದೆ. ಸ್ಟ್ರಾತ್‌ನೇವರ್‌ನಲ್ಲಿ ಡಿಸೆಂಬರ್ ತಿಂಗಳ ನಡುಹಗಲಲ್ಲೂ ಸೂರ್ಯ 10 ಡಿಗ್ರಿ ಮುಟ್ಟುವುದಿಲ್ಲ! ರಾತ್ರಿ ದೀಪ ಆರಿಸಿ, ಹಾಸಿಗೆಯ ಹೊದಿಕೆಯ ಕೆಳಗೊಂದು ಪೆನ್ಸಿಲ್ ಇಟ್ಟು, ಟಾರ್ಚನ್ನು ಮೊದಲು ನೇರ ಮೇಲಿನಿಂದ, ಆಮೇಲೆ ಪಕ್ಕದಿಂದ ಹಿಡಿದು ನೋಡಿ. ಚಳಿಗಾಲಕ್ಕೆ ಇನ್ನೊಂದು ಅನುಕೂಲವೂ ಇದೆ: ಬೇಸಿಗೆಯಲ್ಲಿ ಎದೆಯೆತ್ತರ ಬೆಳೆದು ಎಲ್ಲವನ್ನೂ ಮುಚ್ಚಿಬಿಡುವ ಬ್ರಾಕೆನ್ ಎಂಬ ಜರೀಗಿಡ ಆಗ ಒಣಗಿ ಮಲಗಿರುತ್ತದೆ.

ಗಿಡಗಳೂ ಸುಳಿವು ಕೊಡುತ್ತವೆ; ನನಗೆ ಬಹಳ ಇಷ್ಟವಾದ ಭಾಗ ಇದೇ. ಜನ, ದನ ಇದ್ದಲ್ಲಿ ಸಗಣಿ, ಬೂದಿ, ಅಡುಗೆಯ ಕಸ ಮಣ್ಣಿಗೆ ಸೇರುತ್ತವೆ. ಅದರಲ್ಲಿರುವ ರಂಜಕ ಮಳೆಗೆ ಸುಲಭವಾಗಿ ಕೊಚ್ಚಿಹೋಗದೆ ಮಣ್ಣಿಗಂಟಿಕೊಂಡು ತಲೆಮಾರುಗಟ್ಟಲೆ ಉಳಿಯುತ್ತದೆ. ರಂಜಕವೆಂದರೆ ಮುಟ್ಟಿದರೆ ಚುರುಚುರು ಉರಿಯುವ ನೆಟಲ್ ಗಿಡಕ್ಕೆ ಪ್ರಾಣ. ಹಾಗಾಗಿ ಬೋಳುಗುಡ್ಡದ ನಡುವೆ ನೆಟಲ್ ಪೊದೆ ಕಂಡರೆ ಪುರಾತತ್ವಜ್ಞರ ಕಾಲು ಅಲ್ಲೇ ನಿಲ್ಲುತ್ತದೆ.

ಉದ್ದನೆಯ ಆಯತದ ಗುರುತು ಸಿಕ್ಕರೆ ಅದು ಮನೆಯಿರಬಹುದು. ಅಲ್ಲಿ ಒಂದೇ ಸೂರಿನಡಿ ಒಂದು ತುದಿಗೆ ಜನ, ಇನ್ನೊಂದಕ್ಕೆ ದನ. ದಿಬ್ಬದ ಬದಿಗೆ ಬಟ್ಟಲಿನಂಥ ಗುಂಡಿ ಕಂಡರೆ ಕಾಳು ಒಣಗಿಸುವ ಗೂಡು ಇದ್ದೀತು. ಸದಾ ಮಳೆ ಬೀಳುವ ಊರಲ್ಲಿ ಬೆಂಕಿಯ ಶಾಖವಿಲ್ಲದೆ ಕಾಳು ಬೀಸುವಷ್ಟು ಒಣಗುತ್ತಿರಲಿಲ್ಲ. ವೃತ್ತಾಕಾರದ ಗುರುತಾದರೆ ಇನ್ನೂ ಹಳೆಯದು, 3000 ವರ್ಷಗಳ ಹಿಂದಿನ ದುಂಡು ಮನೆಯೂ ಆಗಿರಬಹುದು.

ಸಿಕ್ಕಿದ್ದನ್ನು ಅಳೆದು, ಫೋಟೊ ತೆಗೆದು, ನಕ್ಷೆಯಲ್ಲಿ ಗುರುತಿಸುತ್ತಾರೆ. ಹತ್ತೊಂಬತ್ತನೇ ಶತಮಾನದ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ನಕ್ಷೆಗಳಲ್ಲಿ ಚಾವಣಿಯಿದ್ದ ಮನೆ, ಚಾವಣಿ ಕಳೆದುಕೊಂಡ ಮನೆ ಬೇರೆಬೇರೆಯಾಗಿ ಕಾಣುತ್ತವೆ. ನಕ್ಷೆ ಬರೆಯುವ ಹೊತ್ತಿಗೆ ಆ ಮನೆ ಪಾಳು ಬಿದ್ದಿತ್ತೇ ಎಂದು ಇದರಿಂದ ಊಹಿಸಬಹುದು.

ಆಮೇಲೆ ಎಂಜಿನಿಯರುಗಳ ಜತೆ ಮಾತು. ಎಷ್ಟೋ ಸಲ ಕಂಬವನ್ನು ಕೆಲವು ಮೀಟರು ಸರಿಸಿದರೆ ಸಾಕು, ಗೋಡೆ ಉಳಿಯುತ್ತದೆ. ಸರಿಸಲಾಗದಿದ್ದರೆ ಅಗೆಯುವಾಗ ಪುರಾತತ್ವಜ್ಞರು ಪಕ್ಕದಲ್ಲೇ ನಿಂತು ನೋಡುತ್ತಾರೆ. ರೋಸಲ್‌ನ ಸುತ್ತ ಅರಣ್ಯ ಇಲಾಖೆ ಮರ ನೆಡಲು ಹೊರಟಾಗಲೂ ಹೀಗೇ ಆಯಿತು: 1962ರಲ್ಲಿ ಹೊರೇಸ್ ಫೇರ್‌ಹರ್ಸ್ಟ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ಮಾಡಿದರು, ಇಲಾಖೆಯವರು ಹಳ್ಳಿಯ ಜಾಗದಲ್ಲಿ ಮರ ನೆಡದೆ ಬಿಟ್ಟರು. ಸಮೀಕ್ಷೆಗಳಲ್ಲಿ ಸಿಕ್ಕ ಗುರುತುಗಳೆಲ್ಲ ಹೈಲ್ಯಾಂಡ್ ಆಡಳಿತದ ದಾಖಲೆಗೆ ಸೇರುತ್ತವೆ. ಮುಂದೆ ಆ ಕಣಿವೆಗೆ ಯಾರು ಕೊಳವೆ ತಂದರೂ ಮೊದಲು ತೆರೆದು ನೋಡುವುದು ಅದನ್ನೇ.