ಮೇಷ್ಟ್ರ ಕೈಗೆ ರಸೀದಿ ಪುಸ್ತಕ ಬೇಡ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಹೊಸ ಕೊಠಡಿಗೆ ಚಂದಾ ಎತ್ತುವ ಮಾತು ಬಂದಾಗ, "ಮೇಷ್ಟ್ರೇ ಮುಂದೆ ನಿಂತರೆ ಯಾರೂ ಇಲ್ಲ ಅನ್ನೋದಿಲ್ಲ" ಎಂದು ಕೆಲವರು ಹೇಳಿದರು. ತೊಡಕಿರುವುದೇ ಅಲ್ಲಿ. ಮಗಳಿಗೆ ಅಂಕ ಕೊಡುವವರೇ ಬಂದು ಕೇಳಿದರೆ, ಕೂಲಿ ಮಾಡುವ ತಂದೆ ಸಾಲ ಮಾಡಿಯಾದರೂ ಕೊಡುತ್ತಾನೆ. ಅದು ದಾನವಲ್ಲ, ದಾಕ್ಷಿಣ್ಯ.

ಅದಕ್ಕೇ ನಮ್ಮ ರಾಜ್ಯದ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರರು ಪೂರ್ವಾನುಮತಿ ಇಲ್ಲದೆ ಚಂದಾ ಎತ್ತುವಂತಿಲ್ಲ. 1966ರ ನಿಯಮಗಳ ಜಾಗದಲ್ಲಿ 2021ರಲ್ಲಿ ಹೊಸವು ಬಂದಿವೆ. ವ್ಯಾಪಾರಕ್ಕೆ, ಬೇರೆ ನೌಕರಿಗೆ ಅನುಮತಿ ಬೇಕು. ಪಕ್ಷ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಮತ ಹಾಕಬಹುದು, ಪ್ರೌಢಶಾಲಾ ಶಿಕ್ಷಕರಿಗಂತೂ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರವೇ ಇದೆ.

ಇದು ಗುರುಗಳ ಮೇಲಿನ ಅಪನಂಬಿಕೆಯಲ್ಲ. ಚುನಾವಣೆಯ ದಿನ ಮತಗಟ್ಟೆಯಲ್ಲಿ ಕೂರುವವರೂ ಅವರೇ. ಅವರು ಯಾವ ಪಕ್ಷದವರೂ ಅಲ್ಲವೆಂಬ ಭರವಸೆಯಿಂದಲೇ ನಾವು ಮತ ಹಾಕಿ ಬರುತ್ತೇವೆ.

ಹಳೆಯ ವಿದ್ಯಾರ್ಥಿಗಳಾದ ನಮಗೆ ಈ ಕಟ್ಟುಪಾಡಿಲ್ಲ. ರಸೀದಿ ಪುಸ್ತಕ ನಾವು ಹಿಡಿಯೋಣ. ಪ್ರತಿ ರೂಪಾಯಿಯ ಲೆಕ್ಕವನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕೋಣ. ಊರಿನವರಲ್ಲೂ ಒಂದು ವಿನಂತಿ: ಗುರುಗಳನ್ನು ಯಾವ ಪಕ್ಷದ ವೇದಿಕೆಗೂ ಕರೆಯಬೇಡಿ. ಅವರ ಕೈಯಲ್ಲಿ ಸೀಮೆಸುಣ್ಣವಿದ್ದರೆ ಸಾಕು.