ಅಡಿಕೋಲಿನ ದೂರ, ಘಟ್ಟದ ದೂರ



ಭೂಪಟದ ಮೇಲೆ ಅಡಿಕೋಲನ್ನಿಟ್ಟು ಅಳೆದರೆ ಬೆಂಗಳೂರಿಗೂ ಮಂಗಳೂರಿಗೂ ನಡುವೆ ಸುಮಾರು 300 ಕಿಲೋಮೀಟರ್ ಅಂತರವಿದೆ. ಹಾಸನ, ಸಕಲೇಶಪುರ, ಶಿರಾಡಿಯ ಮೂಲಕ ಸಾಗುವ ಬಸ್ಸು ಸುಮಾರು 350 ಕಿಲೋಮೀಟರ್ ಕ್ರಮಿಸುತ್ತದೆ. ಮೊದಲನೆಯದು ವಾಯುದೂರ, ಎರಡನೆಯದು ರಸ್ತೆದೂರ. ನಡುವಿನ 50 ಕಿಲೋಮೀಟರನ್ನು ನಷ್ಟವೆಂದು ಲೆಕ್ಕ ಹಾಕುವವರೇ ಹೆಚ್ಚು. ಅದು ನಿಜವಾಗಿ ನಷ್ಟವೇ?

ವಿಮಾನವೂ ಅಡಿಕೋಲಿನಂತೆ ಹಾರುವುದಿಲ್ಲ. ಗಾಳಿಯ ದಿಕ್ಕನ್ನೂ ಓಡುದಾರಿಯ ದಿಕ್ಕನ್ನೂ ಅನುಸರಿಸಿ ಅದು ಸುತ್ತಿ ಸಾಗುತ್ತದೆ. 2008ರಿಂದ ಬೆಂಗಳೂರಿನ ಪ್ರಯಾಣಿಕ ವಿಮಾನಗಳ ಮುಖ್ಯ ನಿಲ್ದಾಣ ದೇವನಹಳ್ಳಿ. ಪಶ್ಚಿಮದ ಕಡಲತೀರಕ್ಕೆ ಹೊರಟವನು ಮೊದಲು ಉತ್ತರಕ್ಕೆ ಹೋಗಬೇಕು! ಅದಿರಲಿ, ವಾಯುದೂರದ ಲೆಕ್ಕದಲ್ಲಿ ಸಕಲೇಶಪುರವೆಂಬ ಊರೇ ಇಲ್ಲ. ಘಟ್ಟದ ಹಳ್ಳಿಯ ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸುವವರಿಗೆ ಉಳಿಯುವುದು ರಸ್ತೆದೂರವೊಂದೇ.

ಇಳಿಜಾರು ದೂರವನ್ನು ಹೇಗೆ ಬೇಡುತ್ತದೆಂಬುದನ್ನು ರೈಲುಮಾರ್ಗ ಸ್ಪಷ್ಟವಾಗಿ ತೋರಿಸುತ್ತದೆ. ಸಕಲೇಶಪುರ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸುಬ್ರಹ್ಮಣ್ಯ ರೋಡ್ ಸುಮಾರು 120 ಮೀಟರ್. ಇಳಿಯಬೇಕಾದದ್ದು 780 ಮೀಟರ್. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುವುದರಿಂದ ಇಲ್ಲಿ 50 ಮೀಟರಿಗೆ ಒಂದು ಮೀಟರಿನಷ್ಟೇ ಇಳಿಜಾರು ಇಟ್ಟಿದ್ದಾರೆ. 780ನ್ನು 50ರಿಂದ ಗುಣಿಸಿದರೆ 39 ಕಿಲೋಮೀಟರ್. ಇದು ಕನಿಷ್ಠ ಲೆಕ್ಕ. ಕಣಿವೆಗಳನ್ನು ಬಳಸಿ, 57 ಸುರಂಗಗಳನ್ನು ಹೊಕ್ಕು ಹೊರಬರುವ ನಿಜವಾದ ಮಾರ್ಗ ಸುಮಾರು 55 ಕಿಲೋಮೀಟರ್.

ಟಯರಿನ ಹಿಡಿತ ಹೆಚ್ಚಾದ್ದರಿಂದ ರಸ್ತೆ ಇನ್ನಷ್ಟು ಕಡಿದಾಗಿ ಇಳಿಯಬಲ್ಲದು. ಆದರೆ ರಸ್ತೆಯನ್ನು ನೇರಗೊಳಿಸಲು, ಅಗಲಗೊಳಿಸಲು ಗುಡ್ಡದ ಬುಡವನ್ನು ಗೋಡೆಯಂತೆ ಕಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಬೇರುಗಳ ಹೆಣಿಗೆ ಹರಿಯುತ್ತದೆ. ಸತತ ಮಳೆಯಲ್ಲಿ ಮಣ್ಣಿನ ರಂಧ್ರಗಳಲ್ಲಿ ತುಂಬಿದ ನೀರು ಕಣಗಳನ್ನು ಒಂದರಿಂದೊಂದು ಸಡಿಲಿಸುತ್ತದೆ. ಬಳಿಕ ಮಣ್ಣು ಭಾರದಿಂದಲೇ ಜಾರುತ್ತದೆ. ಮಳೆಯನ್ನು ಮಾತ್ರ ದೂಷಿಸುವುದು ಅರ್ಧ ಸತ್ಯ.

2018ರ ಆಗಸ್ಟ್‌ನಲ್ಲಿ ಶಿರಾಡಿಯ ರಸ್ತೆ, ಅದೇ ಘಟ್ಟದ ರೈಲುಮಾರ್ಗ, ಸಂಪಾಜೆಯ ದಾರಿ ಮೂರೂ ಕುಸಿತಕ್ಕೆ ಸಿಲುಕಿ ಮುಚ್ಚಿದವು. 2024ರ ಜುಲೈನಲ್ಲಿ ಸಕಲೇಶಪುರದ ಸಮೀಪ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಮಣ್ಣು ಬಿತ್ತು; ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳು ಹಲವು ದಿನ ನಿಂತವು. ಅಂಥ ದಿನಗಳಲ್ಲಿ ಸಕಲೇಶಪುರದವರು ಮೂಡಿಗೆರೆ, ಕೊಟ್ಟಿಗೆಹಾರ ಬಳಸಿ ಚಾರ್ಮಾಡಿಯಲ್ಲಿ ಇಳಿಯಬೇಕು, ಅದೂ ತೆರೆದಿದ್ದರೆ. ಉಳಿಸಿದೆವೆಂದುಕೊಂಡ ಕಿಲೋಮೀಟರುಗಳು ಹೀಗೆ ಮರಳಿ ಬರುತ್ತವೆ. ಯೋಜನಾ ವರದಿಯ ಪ್ರಯಾಣಕಾಲದಲ್ಲಿ ಈ ಮುಚ್ಚಿದ ದಿನಗಳೂ ಸೇರಬೇಕು.

ವಿದ್ಯಾರ್ಥಿಗಳು ನಿಮ್ಮ ತಾಲ್ಲೂಕಿನ ನಕ್ಷೆಯಲ್ಲಿ ರಸ್ತೆಯ ತಿರುವುಗಳ ಮೇಲೆ ಹೊಲಿಗೆಯ ದಾರವನ್ನು ಮಲಗಿಸಿ ಅಳೆಯಿರಿ, ಅದರ ಪಕ್ಕದಲ್ಲಿ ಅಡಿಕೋಲಿನ ಅಳತೆಯನ್ನು ಬರೆಯಿರಿ. ಮೂರನೆಯ ಕಾಲಂನಲ್ಲಿ, ಕಳೆದ ಮಳೆಗಾಲದಲ್ಲಿ ಆ ದಾರಿಯಲ್ಲಿ ಬಸ್ಸು ಬಾರದ ದಿನಗಳು ಎಷ್ಟೆಂಬುದನ್ನು ಊರಿನ ಹಿರಿಯರಿಂದ ಕೇಳಿ ತುಂಬಿರಿ.